ವಾಹನದ ಹೆಡ್‌ಲೈಟುಗಳನ್ನು ಮನೆಯಲ್ಲೇ ಶುಚಿಗೊಳಿಸುವ ಮತ್ತು ಕಾಪಾಡುವ ಕ್ರಮ

ಮಡಂತ್ಯಾರು, ಪುಂಜಾಲಕಟ್ಟೆ, ಗುರುವಾಯನಕೆರೆ, ವೇಣೂರು ಈ ಸುತ್ತಿನ ಕೃಷಿಕರ ಮನೆಗಳಲ್ಲಿ ಜೀಪು, ಪಿಕಪ್, ಕಾರು, ಸ್ಕೂಟರು ಇವುಗಳಲ್ಲಿ ಒಂದಾದರೂ ಇರುವುದು ಈಗ ಸಾಮಾನ್ಯ. ತೋಟಕ್ಕೆ ಗೊಬ್ಬರ ತರಲು, ಅಡಿಕೆಯನ್ನು ಮಾರಾಟಕ್ಕೆ ಒಯ್ಯಲು, ನಸುಕಿನಲ್ಲಿ ಹಾಲನ್ನು ಸೊಸೈಟಿಗೆ ಮುಟ್ಟಿಸಲು, ಅಪರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಈ ವಾಹನಗಳೇ ಆಧಾರ. ಇಂಜಿನ್ನಿನ ಆಯಿಲ್, ಟಯರಿನ ಗಾಳಿ ಇವುಗಳನ್ನು ತಪ್ಪದೆ ನೋಡಿಕೊಳ್ಳುವ ರೈತರು ಹೆಡ್‌ಲೈಟಿನ ಕಡೆ ಗಮನ ಕೊಡುವುದು ಬಲ್ಬು ಸುಟ್ಟುಹೋದಾಗ ಮಾತ್ರ. ಆದರೆ ಬಲ್ಬು ಉರಿಯುತ್ತಿದ್ದರೂ ಬೆಳಕು ರಸ್ತೆಗೆ ತಲುಪದೇ ಇರಬಹುದು. ದೀಪದ ಗ್ಲಾಸ್ ಹಳದಿಗಟ್ಟಿ ಮಬ್ಬಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಅಮೆರಿಕದ ಮೋಟಾರು ವಾಹನ ಸವಾರರ ಸಂಘವು (ಎ.ಎ.ಎ.) 2018ರಲ್ಲಿ ಪ್ರಕಟಿಸಿದ ಪರೀಕ್ಷಾ ವರದಿಯಂತೆ, ಪೂರ್ತಿ ಮಬ್ಬಾದ ಹೆಡ್‌ಲೈಟು ಹೊಸ ಹೆಡ್‌ಲೈಟು ಕೊಡುವ ಬೆಳಕಿನಲ್ಲಿ ಶೇ. 20ರಷ್ಟನ್ನು ಮಾತ್ರ ಕೊಡುತ್ತದೆ. ಅದನ್ನೇ ಉಜ್ಜಿ ಸರಿಪಡಿಸಿದಾಗ ಸುಮಾರು ಶೇ. 70ರಷ್ಟು ಬೆಳಕು ಮರಳಿ ಬಂದಿತೆಂದು ಆ ವರದಿ ಹೇಳುತ್ತದೆ. ಒಂದು ಬಿಡುವಿನ ಪೂರ್ವಾಹ್ನ ಮತ್ತು ಅಲ್ಪ ಖರ್ಚಿನಲ್ಲಿ ಈ ಕೆಲಸವನ್ನು ರೈತರು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದು.

ಮಬ್ಬು ದೀಪದಿಂದ ಆಗುವ ಅಪಾಯ

ವಾಹನ ನಿಲ್ಲಲು ಬೇಕಾದ ದೂರವನ್ನು ಮೊದಲು ತಿಳಿದುಕೊಳ್ಳಬೇಕು. ಅಡ್ಡ ಬಂದುದನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ವಾಹನ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೂ ಒದ್ದೆ ರಸ್ತೆಯಲ್ಲಿ ಇನ್ನಷ್ಟು ದೂರ ಸಾಗಿಯೇ ನಿಲ್ಲುತ್ತದೆ. ಇವೆರಡನ್ನೂ ಕೂಡಿಸಿದರೆ ಮಳೆಗಾಲದ ರಸ್ತೆಯಲ್ಲಿ ಲೆಕ್ಕ ಸುಮಾರಾಗಿ ಹೀಗಾಗುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ – 32 ಮೀಟರ್
ಗಂಟೆಗೆ 60 ಕಿ.ಮೀ. ವೇಗದಲ್ಲಿ – 60 ಮೀಟರ್

ದೀಪದ ಬೆಳಕಿನಲ್ಲಿ ದಾರಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ, 60 ಕಿ.ಮೀ. ವೇಗದಲ್ಲಿ ಹೋಗುವವನು ಕಂಡ ವಸ್ತುವಿನಿಂದ ಈಚೆಗೆ ವಾಹನವನ್ನು ನಿಲ್ಲಿಸಲಾರ. ನಮ್ಮ ರಸ್ತೆಗಳ ಬದಿಯಲ್ಲಿ ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಹಾಲಿನ ಕ್ಯಾನು ಹಿಡಿದವರು ನಡೆಯುತ್ತಿರುತ್ತಾರೆ. ರಾತ್ರಿ ಯಕ್ಷಗಾನ, ನೇಮೋತ್ಸವ ಮುಗಿಸಿ ಮಕ್ಕಳನ್ನು ಕೈಹಿಡಿದು ಮನೆಗೆ ಮರಳುವವರಿರುತ್ತಾರೆ. ದನಕರುಗಳು ರಸ್ತೆಯಲ್ಲೇ ಮಲಗಿರುತ್ತವೆ. ಚಾರ್ಮಾಡಿ ಘಾಟಿ ಹತ್ತುವವರಿಗೆ ಇದರ ಮೇಲೆ ಮಂಜೂ ಸೇರುತ್ತದೆ. ಆದ್ದರಿಂದ ಹೆಡ್‌ಲೈಟಿನ ಶುಚಿತ್ವವನ್ನು ವಾಹನದ ಅಂದಕ್ಕಾಗಿ ಮಾಡುವ ಕೆಲಸವೆಂದು ಎಣಿಸಬಾರದು.

ಮಬ್ಬು ಏಕೆ ಬರುತ್ತದೆ?

ಹಳೆಯ ಜೀಪು, ಅಂಬಾಸಡರ್ ಕಾರು ಮತ್ತು ಟ್ರ್ಯಾಕ್ಟರುಗಳ ಗುಂಡು ಹೆಡ್‌ಲೈಟಿಗೆ ನಿಜವಾದ ಗಾಜು ಇರುತ್ತಿತ್ತು. ಗಾಜು ಬಿಸಿಲಿಗೆ ಹಳದಿಯಾಗುವುದಿಲ್ಲ. ಈಗಿನ ವಾಹನಗಳಲ್ಲಿ ನಾವು ರೂಢಿಯಿಂದ 'ಗ್ಲಾಸ್' ಎಂದು ಕರೆಯುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಇದು ಹಗುರ, ಬೇಕಾದ ಆಕಾರಕ್ಕೆ ಎರಕವಾಗುತ್ತದೆ, ಕಲ್ಲು ಸಿಡಿದರೂ ಸುಲಭವಾಗಿ ಒಡೆಯುವುದಿಲ್ಲ. ಆದರೆ ಇದರ ಮೇಲ್ಮೈ ಮೆತ್ತಗೆ. ಬೇಗ ಗೀರು ಬೀಳುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ಹಳದಿಗಟ್ಟುತ್ತದೆ. ಈ ಕಾರಣದಿಂದ ಕಾರ್ಖಾನೆಯಲ್ಲೇ ಇದರ ಮೇಲೆ ಗಟ್ಟಿಯಾದ ತೆಳು ರಕ್ಷಣಾ ಲೇಪವನ್ನು ಕೊಟ್ಟಿರುತ್ತಾರೆ.

ಈ ಲೇಪ ಕೆಲವು ವರ್ಷಗಳ ಬಿಸಿಲಿಗೆ ಸವೆದು, ಬಿರುಕುಬಿಟ್ಟು, ಅಲ್ಲಲ್ಲಿ ಸಿಪ್ಪೆ ಏಳುತ್ತದೆ. ಆಗ ಒಳಗಿನ ಪ್ಲಾಸ್ಟಿಕ್ಕು ನೇರವಾಗಿ ಬಿಸಿಲಿಗೆ ಸಿಕ್ಕಿ ಮಬ್ಬಾಗುತ್ತದೆ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳಿನಲ್ಲಿ ಗರಸು ಕಣಗಳಿರುತ್ತವೆ. ಒಣ ಬಟ್ಟೆಯಿಂದ ಈ ಧೂಳನ್ನು ಒರೆಸಿದರೆ ಉಪ್ಪುಕಾಗದದಿಂದ ತಿಕ್ಕಿದಂತೆಯೇ ಆಗಿ ರಕ್ಷಣಾ ಲೇಪ ಬೇಗ ಹಾಳಾಗುತ್ತದೆ. ಸದಾ ಬಿಸಿಲಿನಲ್ಲಿ ನಿಲ್ಲಿಸುವ ವಾಹನದ ದೀಪ, ಚಪ್ಪರದಡಿಯಲ್ಲಿ ನಿಲ್ಲಿಸುವ ವಾಹನದ ದೀಪಕ್ಕಿಂತ ಬೇಗ ಕೆಡುವುದನ್ನು ರೈತರು ಗಮನಿಸಿರಬಹುದು.

ಮೊದಲು ದೋಷವನ್ನು ಗುರುತಿಸಿ

ಮಬ್ಬು ಹೊರಮೈಯಲ್ಲಿದೆಯೋ ಒಳಗಿದೆಯೋ ಎಂಬುದನ್ನು ತಿಳಿಯದೆ ಉಜ್ಜಲು ತೊಡಗಬಾರದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ದೀಪವನ್ನು ತೊಳೆದು ಒಣಗಿಸಿ, ಅದರ ಮೇಲೆ ಒಂದು ಚೊಂಬು ಶುದ್ಧ ನೀರು ಹೊಯ್ಯಿರಿ.

1) ನೀರಿನ ಪಸೆ ಇರುವಷ್ಟು ಹೊತ್ತು ಗ್ಲಾಸ್ ತಿಳಿಯಾಗಿ ಕಂಡು, ಒಣಗಿದೊಡನೆ ಮತ್ತೆ ಮಬ್ಬಾದರೆ ದೋಷ ಹೊರಮೈಯಲ್ಲಿದೆ. ಸವೆದ ಮೇಲ್ಮೈಯ ಸಣ್ಣ ತಗ್ಗುಗಳನ್ನು ನೀರು ತುಂಬುವುದರಿಂದ ಹೀಗೆ ಕಾಣುತ್ತದೆ. ಇಂತಹ ದೀಪವನ್ನು ಉಜ್ಜಿ ಸರಿಪಡಿಸಬಹುದು.

2) ನೀರು ಹೊಯ್ದರೂ ಮಬ್ಬು ಹಾಗೇ ಉಳಿದರೆ ಒಳಗೆ ತೇವ ಅಥವಾ ಧೂಳು ಸೇರಿದೆ, ಇಲ್ಲವೇ ಪ್ಲಾಸ್ಟಿಕ್ಕಿನ ಆಳದಲ್ಲೇ ಬಿರುಕುಗಳಿವೆ. ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

3) ಗ್ಲಾಸ್ ತಿಳಿಯಾಗಿಯೇ ಇದ್ದು ಬೆಳಕು ಕೆಂಪಗೆ, ಮಂದವಾಗಿದ್ದರೆ ದೋಷ ಬಲ್ಬಿನಲ್ಲಿ ಅಥವಾ ವಯರಿಂಗಿನಲ್ಲಿದೆ.

ಬೇಕಾಗುವ ಸಾಮಗ್ರಿಗಳು

ಪೇಂಟಿನ ಅಂಗಡಿಗಳಲ್ಲಿ ವಾಟರ್ ಪೇಪರ್ ಎಂಬ ಹೆಸರಿನಲ್ಲಿ ದೊರೆಯುವ, ನೀರಿನಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ – 1000, 2000 ಮತ್ತು 3000 ನಂಬ್ರದ ತಲಾ ಒಂದು ಹಾಳೆ (ನಂಬ್ರ ಹೆಚ್ಚಿದಷ್ಟೂ ಕಾಗದ ನಯ). ಪೇಂಟರುಗಳು ಬಳಸುವ ಕಾಗದದ ಅಂಟುಪಟ್ಟಿ. ಕಾರಿನ ಪಾಲಿಶ್ ಕಾಂಪೌಂಡು. ವಾಹನ ತೊಳೆಯುವ ಶಾಂಪೂ. ಎರಡು ಬಕೆಟ್ ನೀರು. ಒಗೆದ ಹಳೆಯ ಬನಿಯನ್ ಬಟ್ಟೆ ನಾಲ್ಕೈದು ತುಂಡು. ಮತ್ತು ಹೆಡ್‌ಲೈಟಿಗೆಂದೇ ಮಾರುವ, ಅತಿನೇರಳೆ ಕಿರಣ ತಡೆಯುವ ರಕ್ಷಣಾ ಲೇಪ. ಇವೆಲ್ಲ ಒಟ್ಟಾಗಿ ಇರುವ ಡಬ್ಬಿಯೂ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊಂಡರೆ ಅದರ ಮೇಲಿನ ಸೂಚನೆಗಳನ್ನು ಅನುಸರಿಸಬೇಕು.

ಮಾಡುವ ಕ್ರಮ

ಮಳೆಯಿಲ್ಲದ ದಿನ, ನೆರಳಿನಲ್ಲಿ, ದೀಪ ತಣ್ಣಗಿರುವಾಗ ಈ ಕೆಲಸ ಮಾಡಬೇಕು. ಕೈಯಲ್ಲಿರುವ ಉಂಗುರ, ಗಡಿಯಾರಗಳನ್ನು ತೆಗೆದಿಡುವುದು ಒಳ್ಳೆಯದು.

1) ಮೊದಲು ಧಾರಾಳ ನೀರು ಹರಿಸಿ ಧೂಳನ್ನು ಇಳಿಸಿರಿ. ಅನಂತರ ಶಾಂಪೂ ನೀರಿನಲ್ಲಿ ಬಟ್ಟೆ ಅದ್ದಿ ತೊಳೆದು, ಮತ್ತೆ ನೀರು ಹೊಯ್ದು ಒಣಗಿಸಿರಿ.

2) ದೀಪದ ಸುತ್ತ ವಾಹನದ ಪೇಂಟಿನ ಮೇಲೆ ಕಾಗದದ ಪಟ್ಟಿಯನ್ನು ಎರಡು ಸುತ್ತು ಅಂಟಿಸಿರಿ. ಉಪ್ಪುಕಾಗದ ತಗಲಿದರೆ ಪೇಂಟು ಹೋಗುತ್ತದೆ.

3) ಉಪ್ಪುಕಾಗದಗಳನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಯಿಡಿ. 1000 ನಂಬ್ರದ ಕಾಗದದಿಂದ ಎಡದಿಂದ ಬಲಕ್ಕೆ, ಒಂದೇ ದಿಕ್ಕಿನಲ್ಲಿ, ಹಗುರ ಕೈಯಿಂದ ಉಜ್ಜಿರಿ. ಮೇಲ್ಮೈ ಒಣಗಲು ಬಿಡಬಾರದು. ಆಗಾಗ ನೀರು ಹನಿಸುತ್ತಿರಬೇಕು. ಮೊದಮೊದಲು ಹಳದಿ ಬಣ್ಣದ ನೀರು ಇಳಿಯುತ್ತದೆ. ಅದು ಸವೆದ ಹಳೆಯ ಲೇಪ. ನೀರು ಬಿಳಿಯಾಗಿ ಇಳಿಯತೊಡಗಿ, ಇಡೀ ಗ್ಲಾಸ್ ಒಂದೇ ಸಮನಾಗಿ ಮಂಜುಗಾಜಿನಂತೆ ಕಂಡಾಗ ನಿಲ್ಲಿಸಿರಿ. ಈ ಹಂತದಲ್ಲಿ ದೀಪ ಮೊದಲಿಗಿಂತಲೂ ಹೆಚ್ಚು ಮಬ್ಬಾಗಿ ಕಾಣುತ್ತದೆ. ಗಾಬರಿಪಡಬೇಕಾಗಿಲ್ಲ.

4) ತೊಳೆದು, 2000 ನಂಬ್ರದ ಕಾಗದದಿಂದ ಮೇಲಿನಿಂದ ಕೆಳಕ್ಕೆ ಉಜ್ಜಿರಿ. ಹಿಂದಿನ ಕಾಗದದ ಅಡ್ಡ ಗೀರುಗಳು ಪೂರ್ತಿ ಮಾಯವಾದವೆಂದು ಖಚಿತವಾದ ಮೇಲೆ 3000 ನಂಬ್ರದಿಂದ ಮತ್ತೆ ಎಡಬಲವಾಗಿ ಉಜ್ಜಿರಿ. ಪ್ರತಿ ಕಾಗದಕ್ಕೂ ಸುಮಾರು ಹತ್ತು ನಿಮಿಷ ಬೇಕಾಗುತ್ತದೆ. ಇಲ್ಲಿ ಅವಸರಪಟ್ಟರೆ ಉಳಿದ ಗೀರುಗಳು ಪಾಲಿಶಿನಿಂದ ಹೋಗುವುದಿಲ್ಲ.

5) ತೊಳೆದು ಒರೆಸಿ, ತುಸು ತೇವದ ಬಟ್ಟೆಗೆ ಅಡಿಕೆಯಷ್ಟು ಗಾತ್ರದ ಪಾಲಿಶ್ ಕಾಂಪೌಂಡು ತೆಗೆದುಕೊಂಡು, ಸಣ್ಣ ಸಣ್ಣ ಸುತ್ತುಗಳಲ್ಲಿ ಗ್ಲಾಸ್ ತಿಳಿಯಾಗುವವರೆಗೆ ಉಜ್ಜಿರಿ. ಬೇರೆ ಶುದ್ಧ ಬಟ್ಟೆಯಿಂದ ಒರೆಸಿರಿ.

6) ಪೂರ್ತಿ ಒಣಗಿದ ಮೇಲೆ ಅದೇ ದಿನ ರಕ್ಷಣಾ ಲೇಪವನ್ನು ತೆಳುವಾಗಿ, ಒಂದೇ ಸಮನಾಗಿ ಹಚ್ಚಿರಿ. ಲೇಪದ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ಆ ತನಕ ಮಳೆ, ಮಂಜು, ಧೂಳು ತಾಗದಂತೆ ನೋಡಿಕೊಳ್ಳಬೇಕು.

ಮಬ್ಬು ಅಲ್ಪವಾಗಿದ್ದರೆ 1000 ನಂಬ್ರದ ಕಾಗದ ಬೇಡ. 3000 ನಂಬ್ರ ಮತ್ತು ಪಾಲಿಶ್ ಸಾಕು. ಅಗತ್ಯಕ್ಕಿಂತ ಹೆಚ್ಚು ಸವೆಸಿದಷ್ಟೂ ನಷ್ಟವೇ.

ಕೊನೆಯ ಹಂತವನ್ನು ಬಿಡಬೇಡಿ

ಅನೇಕರು ಪಾಲಿಶ್ ಮಾಡಿದೊಡನೆ ದೀಪ ಹೊಳೆಯುವುದನ್ನು ಕಂಡು ಅಲ್ಲಿಗೇ ನಿಲ್ಲಿಸುತ್ತಾರೆ. ಕೆಲವೇ ತಿಂಗಳಲ್ಲಿ ಮಬ್ಬು ಮರಳಿ ಬಂದಾಗ ಇಡೀ ಕ್ರಮವೇ ನಿಷ್ಪ್ರಯೋಜಕವೆಂದು ಹೇಳುತ್ತಾರೆ. ಉಜ್ಜುವಾಗ ಕೆಟ್ಟ ಭಾಗದ ಜೊತೆಗೆ ಉಳಿದಿದ್ದ ಹಳೆಯ ರಕ್ಷಣಾ ಲೇಪವೂ ಹೋಗಿರುತ್ತದೆ ಎಂಬುದನ್ನು ಮರೆಯಬಾರದು. ಕೊಕ್ಕೋ ಗಿಡದ ಕೊಂಬೆ ಸವರಿ, ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯದೆ ಮಳೆಗೆ ಬಿಟ್ಟರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ.

ವಿಶೇಷ ಲೇಪ ದೊರೆಯದಿದ್ದರೆ ಕಾರಿನ ಮೇಣದ ಪಾಲಿಶನ್ನಾದರೂ ಹಚ್ಚಬೇಕು. ಆದರೆ ಇದು ಒಂದೆರಡು ತಿಂಗಳು ಮಾತ್ರ ಉಳಿಯುವುದರಿಂದ ಮತ್ತೆ ಮತ್ತೆ ಹಚ್ಚುತ್ತಿರಬೇಕು. ಮರಕ್ಕೆ ಬಳಿಯುವ ವಾರ್ನಿಶ್ಶನ್ನು ದೀಪಕ್ಕೆ ಬಳಿಯಬಾರದು. ಅದರಲ್ಲಿರುವ ದ್ರಾವಕಗಳಿಂದ ಪ್ಲಾಸ್ಟಿಕ್ಕು ಬಿರುಕುಬಿಡಬಹುದು. ಎರಡು ದ್ರಾವಣಗಳನ್ನು ಕೂಡಿಸಿ ಸಿಂಪಡಿಸುವ ಗಟ್ಟಿ ಲೇಪ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದರ ಆವಿ ಶ್ವಾಸಕೋಶಕ್ಕೆ ಹಾನಿಕರ. ಅದನ್ನು ಸರಿಯಾದ ಮುಖವಾಡವಿರುವ ಪೇಂಟರಿಂದಲೇ ಮಾಡಿಸಬೇಕು.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ ವಿಪರೀತ. ಈ ತಿಂಗಳುಗಳಲ್ಲಿ ಲೇಪ ಹಾಕಿದರೆ ಸರಿಯಾಗಿ ಒಣಗದೆ ಬೆಳ್ಳಗಾಗುವ ಸಂಭವವಿದೆ. ಆದುದರಿಂದ ಈ ಕೆಲಸಕ್ಕೆ ನವೆಂಬರಿನಿಂದ ಏಪ್ರಿಲ್ ವರೆಗಿನ ಕಾಲವೇ ಪ್ರಶಸ್ತ.

ಮಾಡಬಾರದ ಕೆಲಸಗಳು

* ಪೆಟ್ರೋಲು, ಥಿನ್ನರ್, ಅಸಿಟೋನುಗಳಿಂದ ಒರೆಸಬೇಡಿ. ಇವು ಪಾಲಿಕಾರ್ಬೊನೇಟನ್ನು ಕರಗಿಸುತ್ತವೆ ಅಥವಾ ಕೂದಲೆಳೆಯ ಬಿರುಕು ತರುತ್ತವೆ.

* ಸೊಳ್ಳೆ ನಿವಾರಕ ದ್ರವ ಬಳಿದರೆ ದೀಪ ಕೂಡಲೇ ತಿಳಿಯಾಗುತ್ತದೆಂಬ ಮಾತು ಪ್ರಚಾರದಲ್ಲಿದೆ. ಅದರಲ್ಲಿರುವ ರಾಸಾಯನಿಕ ಮೇಲ್ಮೈಯನ್ನು ತುಸು ಕರಗಿಸುವುದರಿಂದ ಹಾಗೆ ಕಾಣುತ್ತದೆ. ಕೆಲವು ದಿನಗಳಲ್ಲಿ ದೀಪ ಮೊದಲಿಗಿಂತ ಹೆಚ್ಚು ಕೆಡುತ್ತದೆ.

* ತೆಂಗಿನೆಣ್ಣೆ, ಸೀಮೆಎಣ್ಣೆ ಸವರಿದರೆ ಹೊಳಪು ಎರಡು ದಿನ ಮಾತ್ರ. ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ.

* ಬೂದಿ, ಪಾತ್ರೆ ತೊಳೆಯುವ ಪುಡಿ, ತೆಂಗಿನ ನಾರು, ಉಕ್ಕಿನ ಜುಂಗು ಇವುಗಳಿಂದ ತಿಕ್ಕಬೇಡಿ.

* ಹಲ್ಲುಜ್ಜುವ ಪೇಸ್ಟಿನಲ್ಲಿ ನಯವಾದ ಉಜ್ಜುವ ಪುಡಿ ಇರುವುದರಿಂದ ಅಲ್ಪ ಮಬ್ಬು ಸ್ವಲ್ಪ ಕಡಿಮೆಯಾಗುವುದುಂಟು. ಗಟ್ಟಿ ಹಳದಿ ಪದರಕ್ಕೆ ಅದು ಸಾಲದು. ಅದನ್ನು ಬಳಸಿದರೂ ಮೇಲೆ ರಕ್ಷಣಾ ಲೇಪ ಬೇಕೇ ಬೇಕು.

ತೋಟದ ಔಷಧಿಗಳಿಂದ ರಕ್ಷಣೆ

ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಪಿಕಪ್, ಜೀಪುಗಳ ಮೇಲೆ ಅದರ ಹನಿಗಳು ಬೀಳುವುದು ಸಹಜ. ಎಲೆಯ ಮೇಲೆ ಮಳೆಗೂ ಜಗ್ಗದೆ ಅಂಟಿಕೊಳ್ಳುವ ಈ ದ್ರಾವಣ ದೀಪದ ಮೇಲೂ ಹಾಗೆಯೇ ಒಣಗಿ ನೀಲಿ ಮಿಶ್ರಿತ ಬಿಳಿ ಕಲೆಯಾಗುತ್ತದೆ. ಒಣಗಿದ ಕಲೆಯನ್ನು ಉಗುರಿನಿಂದಾಗಲಿ ಚಾಕುವಿನಿಂದಾಗಲಿ ಕೆರೆಯಬಾರದು. ವಿನೆಗರಿಗೆ ಅದರ ನಾಲ್ಕು ಪಾಲು ನೀರು ಬೆರೆಸಿ, ಬಟ್ಟೆಯನ್ನು ಅದ್ದಿ ಕಲೆಯ ಮೇಲೆ ಐದು ನಿಮಿಷ ಇಟ್ಟರೆ ಸುಣ್ಣ ಸಡಿಲವಾಗುತ್ತದೆ. ಅನಂತರ ಧಾರಾಳ ನೀರಿನಿಂದ ತೊಳೆಯಬೇಕು. ಸಿಂಪಡಣೆಯ ದಿನ ವಾಹನವನ್ನು ದೂರದಲ್ಲಿ ನಿಲ್ಲಿಸುವುದು ಅಥವಾ ದೀಪಗಳಿಗೆ ಗೋಣಿ ಹೊದೆಸುವುದು ಇನ್ನೂ ಉತ್ತಮ.

ರಬ್ಬರ್ ಹಾಲು ಹೆಪ್ಪುಗಟ್ಟದಂತೆ ಬಳಸುವ ಅಮೋನಿಯಾ ಪಾಲಿಕಾರ್ಬೊನೇಟಿಗೆ ಹಾನಿಕರ. ಅದು ಚೆಲ್ಲಿದರೆ ಕೂಡಲೇ ನೀರು ಹೊಯ್ದು ತೊಳೆಯಬೇಕು. ಇದೇ ಕಾರಣಕ್ಕೆ ಅಮೋನಿಯಾ ಇರುವ ಕಿಟಕಿ ಗಾಜಿನ ಕ್ಲೀನರನ್ನೂ ದೀಪಕ್ಕೆ ಬಳಸಬಾರದು.

ಒಳಗೆ ನೀರು ಸೇರಿದ್ದರೆ

ಹೆಡ್‌ಲೈಟಿಗೆ ಗಾಳಿಯಾಡಲು ಸಣ್ಣ ರಂಧ್ರಗಳಿರುತ್ತವೆ. ಮಳೆಯಲ್ಲಿ ಅಥವಾ ತೊಳೆದ ಮೇಲೆ ಒಳಗೆ ತೆಳುವಾದ ಹಬೆ ಕಂಡು, ದೀಪ ಹಚ್ಚಿ ಸ್ವಲ್ಪ ದೂರ ಓಡಿಸಿದೊಡನೆ ಹೋದರೆ ಅದು ದೋಷವಲ್ಲ. ಹನಿಗಟ್ಟಿ ನಿಂತರೆ ಅಥವಾ ತಳದಲ್ಲಿ ನೀರು ತುಳುಕಿದರೆ ಮಾತ್ರ ಕಾರಣ ಹುಡುಕಬೇಕು. ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ ಹರಿದಿರುವುದು ಅಥವಾ ಬಲ್ಬು ಬದಲಿಸಿದಾಗ ಅದನ್ನು ಸರಿಯಾಗಿ ಕೂರಿಸದಿರುವುದು, ಗಾಳಿರಂಧ್ರದಲ್ಲಿ ಕೆಸರು ಅಥವಾ ಹುಳದ ಮಣ್ಣಿನ ಗೂಡು ತುಂಬಿರುವುದು, ದೀಪದ ಅಂಚು ಬಿರಿದಿರುವುದು – ಇವೇ ಸಾಮಾನ್ಯ ಕಾರಣಗಳು.

ಹಿಂದಿನ ಮುಚ್ಚಳ ತೆಗೆದು, ಬಿಸಿಲಿನಲ್ಲಿ ಧೂಳು ಬೀಳದಂತೆ ಒಣಗಿಸಿ, ರಂಧ್ರ ಬಿಡಿಸಿ, ಹೊಸ ರಬ್ಬರ್ ಮುಚ್ಚಳ ಹಾಕಬೇಕು. ಗಾಳಿರಂಧ್ರವನ್ನು ಅಂಟಿನಿಂದ ಮುಚ್ಚಿಬಿಡಬಾರದು. ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಒಳಗಿನ ಕನ್ನಡಿಯಂತಹ ಪ್ರತಿಫಲಕದ ಮೇಲೆ ಅಲ್ಯೂಮಿನಿಯಮ್ಮಿನ ಬಹು ತೆಳುವಾದ ಪೊರೆಯಿದೆ. ಬಟ್ಟೆ ಅಥವಾ ಬೆರಳು ತಾಗಿದರೆ ಅದು ಎದ್ದುಬರುತ್ತದೆ. ಪ್ರತಿಫಲಕ ಕಪ್ಪಾಗಿದ್ದರೆ ದೀಪವನ್ನೇ ಬದಲಿಸಬೇಕು.

ಬಲ್ಬು ಮತ್ತು ವಯರಿಂಗು

ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದಲ್ಲಿ ಗಾಜು ವಿಪರೀತ ಕಾದು ಬಲ್ಬು ಬೇಗ ಹಾಳಾಗುತ್ತದೆ. ಎರಡೂ ಬದಿಯ ಬಲ್ಬುಗಳನ್ನು ಒಟ್ಟಿಗೆ ಬದಲಿಸಿದರೆ ಬೆಳಕು ಸಮನಾಗಿರುತ್ತದೆ.

ಬಲ್ಬಿಗೆ ತಲುಪುವ ವೋಲ್ಟೇಜು ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಆದ್ದರಿಂದ ಬ್ಯಾಟರಿಯ ತುದಿಗಳಲ್ಲಿ ಬೆಳೆದ ಬಿಳಿ-ಹಸಿರು ಕಿಲುಬು, ಬಾಡಿಗೆ ಜೋಡಿಸಿದ ಅರ್ತ್ ವಯರಿನ ತುಕ್ಕು ಇವುಗಳನ್ನು ವರ್ಷಕ್ಕೊಮ್ಮೆ ಶುಚಿ ಮಾಡಬೇಕು. ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸುವ ವಾಹನದ ವಯರುಗಳನ್ನು ಇಲಿ ಕಡಿದಿದೆಯೇ ಎಂದೂ ನೋಡಬೇಕು.

ಬೆಳಕು ಸಾಲದೆಂದು 60/55 ವ್ಯಾಟಿನ ಬಲ್ಬಿನ ಬದಲು 100/90 ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರು, ವಯರು ಕರಗುವ ಅಪಾಯವಿದೆ. ಹ್ಯಾಲೊಜೆನ್ನಿಗೆಂದು ಮಾಡಿದ ದೀಪದೊಳಗೆ ಅಗ್ಗದ ಎಲ್.ಇ.ಡಿ. ಬಲ್ಬು ತುರುಕಿದರೆ ಬೆಳಕು ದಿಕ್ಕುತಪ್ಪಿ ಎದುರಿನವರ ಕಣ್ಣು ಕೋರೈಸುತ್ತದೆ. ಮಬ್ಬಾದ ಗ್ಲಾಸಿನ ಹಿಂದೆ ಹೆಚ್ಚು ಬೆಳಕು ಹಾಕಿದರೆ ಹೆಚ್ಚು ಚದರುತ್ತದೆಯೇ ಹೊರತು ದಾರಿ ಕಾಣುವುದಿಲ್ಲ.

ಬೆಳಕಿನ ದಿಕ್ಕು

ದೀಪ ತಿಳಿಯಾದ ಮೇಲೆ ಬೆಳಕು ಸರಿಯಾದ ಕಡೆ ಬೀಳುತ್ತದೆಯೇ ಎಂದು ನೋಡುವುದು ಅವಶ್ಯ. ಸಮತಟ್ಟಾದ ಅಂಗಳದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ, ಚಾಲಕನನ್ನು ಕೂರಿಸಿ ವಾಹನ ನಿಲ್ಲಿಸಿರಿ. ನೆಲದಿಂದ ದೀಪದ ನಡುಭಾಗ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ 10 ಸೆಂ.ಮೀ. ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಡಿಪ್ ಬೆಳಕಿನ ಮೇಲಂಚು ಸಾಮಾನ್ಯವಾಗಿ ಈ ಗೆರೆಯ ಮೇಲಿರಬೇಕು. ಎಡಬದಿಯಲ್ಲಿ ಮಾತ್ರ ತುಸು ಏರಿರುತ್ತದೆ. ವ್ಯತ್ಯಾಸವಿದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು.

ಹಿಂದೆ ಅಡಿಕೆ ಮೂಟೆ ಹೇರಿದಾಗ ವಾಹನದ ಮೂಗು ಎದ್ದು ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಸ್ಟಿಯರಿಂಗಿನ ಬಳಿ 0ಯಿಂದ 3ರ ತನಕ ಅಂಕೆಗಳಿರುವ ಗುಂಡಿ ಇದ್ದರೆ ಹೇರಿಗೆ ತಕ್ಕಂತೆ ಅದನ್ನು ತಿರುಗಿಸಿ ಬೆಳಕನ್ನು ತಗ್ಗಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೂಡ ದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕೆಂದು ವಿಧಿಸುತ್ತವೆ. ಮಂಜಿನಲ್ಲಿ ಡಿಪ್ ಬೆಳಕನ್ನೇ ಬಳಸಬೇಕು. ಮೇಲ್ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ.

ವರ್ಷದ ಕಾಲಸೂಚಿ

ವಾರಕ್ಕೊಮ್ಮೆ: ನೀರು ಹರಿಸಿ ತೊಳೆಯುವುದು, ಎರಡೂ ದೀಪ, ಡಿಪ್ ಮತ್ತು ಡಿಮ್ ಉರಿಯುತ್ತವೆಯೇ ಎಂದು ಗೋಡೆಯ ಮೇಲೆ ನೋಡುವುದು.

ದೀಪಾವಳಿ ಕಳೆದ ಮೇಲೆ: ನೀರು ಹೊಯ್ದು ಮಬ್ಬಿನ ಪರೀಕ್ಷೆ, ಅಗತ್ಯವಿದ್ದರೆ ಉಜ್ಜಿ ಲೇಪ ಹಾಕುವುದು.

ಎರಡು ತಿಂಗಳಿಗೊಮ್ಮೆ: ಮೇಣ ಮಾತ್ರ ಬಳಸುವವರು ಮತ್ತೆ ಮೇಣ ಹಚ್ಚುವುದು.

ಪತ್ತನಾಜೆಗೆ ಮೊದಲು: ರಬ್ಬರ್ ಮುಚ್ಚಳ, ಗಾಳಿರಂಧ್ರ, ಬ್ಯಾಟರಿ ತುದಿ, ಅರ್ತ್ ವಯರು, ಬೆಳಕಿನ ದಿಕ್ಕು ಇವುಗಳ ತಪಾಸಣೆ.

ಮಳೆಗಾಲದಲ್ಲಿ: ಸಿಂಪಡಣೆಯ ದಿನವೇ ಬೋರ್ಡೋ ಹನಿಗಳನ್ನು ತೊಳೆಯುವುದು.

ಕೆಲಸವೆಲ್ಲ ಮುಗಿದ ರಾತ್ರಿ ತೋಟದ ನೇರ ದಾರಿಯಲ್ಲಿ ಒಂದು ಕೋಲಿಗೆ ಗೋಣಿಚೀಲ ತೂಗಹಾಕಿ, ಡಿಪ್ ಬೆಳಕಿನಲ್ಲಿ ಅದು ಎಷ್ಟು ದೂರದಿಂದ ಕಾಣುತ್ತದೆಂದು ಹೆಜ್ಜೆ ಎಣಿಸಿ ನೋಡಿರಿ. ದೊಡ್ಡ ಹೆಜ್ಜೆಯೊಂದಕ್ಕೆ ಮುಕ್ಕಾಲು ಮೀಟರಿನಂತೆ ಲೆಕ್ಕ ಹಾಕಿದರೆ ದೂರ ತಿಳಿಯುತ್ತದೆ. ಅದು 30 ಮೀಟರ್ ಮಾತ್ರವಾದರೆ, ದೀಪ ಸರಿಯಾಗುವ ತನಕ ರಾತ್ರಿಯ ಮಳೆಯಲ್ಲಿ ಗಂಟೆಗೆ 40 ಕಿ.ಮೀ. ವೇಗವೂ ಹೆಚ್ಚೇ ಎಂದು ತಿಳಿಯಬೇಕು. ಕಪ್ಪು ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಡೆಯುವವರು ಆ ಗೋಣಿಚೀಲಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುವುದಿಲ್ಲ.